ಒಂದೇ ಕೆಸರು, ಹತ್ತು ಕಣ್ಣು

ವಿಜಯಪುರದಿಂದ ನೇರ ಪಶ್ಚಿಮಕ್ಕೆ ನಕಾಶೆಯ ಮೇಲೆ ಒಂದು ಗೆರೆ ಎಳೆಯಿರಿ. ಅದು ಎರೆಹೊಲಗಳನ್ನೂ ಸಹ್ಯಾದ್ರಿಯನ್ನೂ ದಾಟಿ ರತ್ನಾಗಿರಿಯ ದಕ್ಷಿಣಕ್ಕೆ ಕಡಲು ಸೇರುತ್ತದೆ. ಗೆರೆಯನ್ನು ಅಲ್ಲಿಗೇ ನಿಲ್ಲಿಸದೆ ನೀರಿನ ಮೇಲೆ ಇನ್ನೂ ಸುಮಾರು 475 ಕಿಲೋಮೀಟರ್ ಎಳೆದುಕೊಂಡು ಹೋದರೆ ಹೆಚ್ಚುಕಡಿಮೆ ಲಕ್ಷ್ಮೀ ಬೇಸಿನ್ ಎಂಬ ತಗ್ಗಿನ ಮೇಲೆ ಬಂದು ನಿಲ್ಲುತ್ತೇವೆ. ಅಲ್ಲಿ ಸಮುದ್ರದ ಆಳ ಮೂರೂವರೆ ಕಿಲೋಮೀಟರಿಗೂ ಹೆಚ್ಚು. 2015ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ನಮ್ಮ ಊರುಗಳಲ್ಲಿ ಜನ ಮುಂಗಾರಿನ ಮೋಡಕ್ಕಾಗಿ ಪಶ್ಚಿಮದತ್ತ ನೋಡುತ್ತಿದ್ದ ಹೊತ್ತಿನಲ್ಲಿ, ಆ ಜಾಗದಲ್ಲಿ ಒಂದು ಹಡಗು ಲಂಗರು ಹಾಕದೆ ಅಲುಗದೆ ನಿಂತಿತ್ತು. ಅದರ ಹೆಸರು ಜಾಯ್ಡಿಸ್ ರೆಸಲ್ಯೂಷನ್. ಉದ್ದ 143 ಮೀಟರ್. ನಡುವೆ ತೈಲಬಾವಿಯ ಮೇಲಿರುವಂಥ ಎತ್ತರದ ಉಕ್ಕಿನ ಗೋಪುರ. ಹಡಗಿನ ತಳದಲ್ಲೇ ಒಂದು ದೊಡ್ಡ ತೂತು, ಆ ತೂತಿನ ಮೂಲಕ ಕಡಲ ತಳಕ್ಕೆ ಇಳಿದ ಕೊಳವೆಗಳ ಸಾಲು.

ಅದು ಹೋಗಿದ್ದು ಮುಂಗಾರಿನ ಇತಿಹಾಸ ಹುಡುಕಲು. ಸಿಂಧೂ ನದಿ ಹಿಮಾಲಯವನ್ನು ಕೊರೆಕೊರೆದು ತಂದು ಅರಬ್ಬೀ ಸಮುದ್ರಕ್ಕೆ ಸುರಿದ ಹೂಳು ಕಡಲ ತಳದಲ್ಲಿ ಬೀಸಣಿಗೆಯ ಆಕಾರದಲ್ಲಿ ಹರಡಿಕೊಂಡಿದೆ. ಆ ಹೂಳಿನ ಪದರಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಯಾವ ಕಾಲದಲ್ಲಿ ಮಳೆ ಜೋರಾಗಿತ್ತು, ಯಾವಾಗ ಬೆಟ್ಟ ಹೆಚ್ಚು ಸವೆಯಿತು ಎಂಬುದು ತಿಳಿಯಬಹುದು ಎಂಬ ಲೆಕ್ಕ. ಅಂತರರಾಷ್ಟ್ರೀಯ ಸಾಗರ ಅನ್ವೇಷಣಾ ಕಾರ್ಯಕ್ರಮದ 355ನೆಯ ಯಾನ ಇದು. ಮಾರ್ಚ್ ಕೊನೆಯಲ್ಲಿ ಕೊಲಂಬೊದಲ್ಲಿ ಶುರುವಾಗಿ ಮೇ 31ಕ್ಕೆ ಮುಂಬಯಿಯಲ್ಲಿ ಮುಗಿಯಿತು. ನಾಯಕರು ಇಬ್ಬರು: ಗೋವಾದ ಅಂಟಾರ್ಕ್ಟಿಕ್ ಮತ್ತು ಸಾಗರ ಸಂಶೋಧನಾ ಕೇಂದ್ರದ ಧನಂಜಯ್ ಪಾಂಡೆ, ಅಮೆರಿಕದ ಲೂಸಿಯಾನಾ ರಾಜ್ಯ ವಿಶ್ವವಿದ್ಯಾಲಯದ ಪೀಟರ್ ಕ್ಲಿಫ್ಟ್.

ಇಂಥ ಹಡಗಿನಲ್ಲಿ ದಿನಕ್ಕೆ ಎರಡೇ ಪಾಳಿ. ಮಧ್ಯಾಹ್ನ ಹನ್ನೆರಡರಿಂದ ನಡುರಾತ್ರಿ ಹನ್ನೆರಡು, ನಡುರಾತ್ರಿಯಿಂದ ಮಧ್ಯಾಹ್ನ. ವಾರದ ರಜೆ ಇಲ್ಲ, ಭಾನುವಾರ ಇಲ್ಲ. ಹಡಗು ಒಂದು ದಿನ ಸುಮ್ಮನೆ ನಿಂತರೂ ಆಗುವ ಖರ್ಚು ದೊಡ್ಡದು, ಹಾಗಾಗಿ ಕೊರೆತ ನಿಲ್ಲುವಂತಿಲ್ಲ. ಕೊಳವೆಯೊಳಗಿನಿಂದ ತಂತಿಯೊಂದು ಇಳಿದು, ತಳದ ಕೆಸರನ್ನು ತುಂಬಿಕೊಂಡ ಪ್ಲಾಸ್ಟಿಕ್ ನಳಿಗೆಯನ್ನು ಮೇಲೆತ್ತಿ ತರುತ್ತದೆ. ನಳಿಗೆಯ ಉದ್ದ ಸುಮಾರು ಒಂಬತ್ತೂವರೆ ಮೀಟರ್. ಅದನ್ನೇ ಕೋರ್ ಎನ್ನುತ್ತಾರೆ. ಅದು ಮೇಲೆ ಬಂದೊಡನೆ ಧ್ವನಿವರ್ಧಕದಲ್ಲಿ ‘ಕೋರ್ ಆನ್ ಡೆಕ್’ ಎಂಬ ಕೂಗು. ಊಟದ ತಟ್ಟೆ ಅಲ್ಲೇ ಬಿಟ್ಟು ಜನ ಹೊರಗೆ ಓಡುತ್ತಾರೆ.

ಓಡಿಬರುವವರೆಲ್ಲ ಒಂದೇ ವಸ್ತುವಿನ ಕಡೆ ಓಡುತ್ತಾರೆ, ಆದರೆ ಒಬ್ಬೊಬ್ಬರಿಗೂ ಅದರಲ್ಲಿ ಬೇಕಾದ್ದು ಬೇರೆ.

ನಳಿಗೆಯ ತುದಿಯಲ್ಲಿ ಸಿಕ್ಕಿಕೊಂಡ ಒಂದು ಹಿಡಿ ಕೆಸರು ಮೊದಲು ಹೋಗುವುದು ಸೂಕ್ಷ್ಮ ಪಳೆಯುಳಿಕೆ ತಜ್ಞರಿಗೆ. ಅವರು ಅದನ್ನು ತೊಳೆದು, ಸೋಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣಿಗೆ ಕಾಣದ ಚಿಪ್ಪುಗಳನ್ನು ಗುರುತಿಸುತ್ತಾರೆ. ಇಂಥ ಜೀವಿ ಇಂಥ ಕಾಲದಲ್ಲಿ ಹುಟ್ಟಿತು, ಇಂಥ ಕಾಲಕ್ಕೆ ಅಳಿಯಿತು ಎಂಬ ಪಟ್ಟಿ ಅವರ ತಲೆಯಲ್ಲಿರುತ್ತದೆ. ಕೊರೆತ ಈಗ ಯಾವ ಯುಗ ಮುಟ್ಟಿದೆ ಎಂದು ಹಡಗಿಗೆಲ್ಲ ಮೊದಲು ಹೇಳುವವರು ಅವರೇ. ಅಷ್ಟರಲ್ಲಿ ರಸಾಯನ ತಜ್ಞರು ಒಂದು ಚೂರನ್ನು ಸಣ್ಣ ಬಾಟಲಿಗೆ ಹಾಕಿ, ಬಿಸಿ ಮಾಡಿ, ಮೇಲೇಳುವ ಅನಿಲವನ್ನು ಅಳೆಯುತ್ತಾರೆ. ಇದು ಬರೀ ಕುತೂಹಲಕ್ಕಲ್ಲ. ಮೀಥೇನ್ ಮತ್ತು ಈಥೇನ್ ಪ್ರಮಾಣ ತಪ್ಪು ದಿಕ್ಕಿಗೆ ತಿರುಗಿದರೆ ಕೆಳಗೆ ತೈಲ ಅಥವಾ ಅನಿಲದ ನಿಕ್ಷೇಪ ಇರಬಹುದು, ಕೊರೆತ ಅಪಾಯ. ಪ್ರಯೋಗಾಲಯದ ಮೂಲೆಯಲ್ಲಿ ಕೂತ ಒಬ್ಬರ ಒಂದು ಅಂಕಿ ಇಡೀ ಹಡಗಿನ ಕೆಲಸವನ್ನೇ ನಿಲ್ಲಿಸಬಲ್ಲದು. ಸೂಕ್ಷ್ಮಾಣು ತಜ್ಞರಿಗೆ ಗಾಳಿ ತಾಗದ, ಬೆಚ್ಚಗಾಗದ ಕೆಸರು ಬೇಕು, ಅದೂ ಎಲ್ಲರಿಗಿಂತ ಮೊದಲು. ಮತ್ತೆ ಕೆಲವರಿಗೆ ಕೆಸರಿನ ಕಣಗಳ ನಡುವೆ ಸಿಕ್ಕಿಕೊಂಡ ನೀರು ಬೇಕು. ಅದಕ್ಕಾಗಿ ಕೋರಿನ ಒಂದು ಬಿಲ್ಲೆಯನ್ನೇ ಇಡಿಯಾಗಿ ಕತ್ತರಿಸಿ, ಕಬ್ಬಿನ ಹಾಲು ತೆಗೆಯುವಂತೆ ಯಂತ್ರದಲ್ಲಿ ಹಿಂಡುತ್ತಾರೆ.

ಜಗಳ ಹುಟ್ಟಬಹುದಾದ ಜಾಗ ಇದೇ. ಹಿಂಡಿದ ಬಿಲ್ಲೆಯಲ್ಲಿ ಸಾವಿರಾರು ವರ್ಷಗಳ ಪದರ ಇರುತ್ತದೆ. ಒಬ್ಬರಿಗೆ ಒಂದಿಷ್ಟು ನೀರು ಸಿಕ್ಕಿತು, ಇನ್ನೊಬ್ಬರ ಕಾಲಗಣನೆಯಲ್ಲಿ ಒಂದು ಪುಟ ಹರಿಯಿತು. ಹಡಗಿನವರು ಇದಕ್ಕೆ ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. ಒಂದೇ ಜಾಗದಲ್ಲಿ, ಹತ್ತಿಪ್ಪತ್ತು ಮೀಟರ್ ಅಂತರದಲ್ಲಿ, ಎರಡು ಮೂರು ಬಾವಿ ಕೊರೆಯುತ್ತಾರೆ. ಒಂದು ಬಾವಿಯಲ್ಲಿ ಹರಿದ ಪುಟ ಇನ್ನೊಂದರಲ್ಲಿ ಇಡಿಯಾಗಿ ಸಿಗುತ್ತದೆ. ಎರಡು ಕೋರುಗಳ ನಡುವೆ ಕೊರೆಯುವಾಗಲೇ ಕಳೆದುಹೋಗುವ ಕೆಸರೂ ಇರುತ್ತದೆ. ಒಂದು ಬಾವಿಯ ಈ ಬಿರುಕುಗಳು ಪಕ್ಕದ ಬಾವಿಯ ಬಿರುಕುಗಳ ಮಟ್ಟದಲ್ಲೇ ಬರದಂತೆ ನೋಡಿಕೊಳ್ಳಲು ಒಬ್ಬರನ್ನು ಪ್ರತ್ಯೇಕವಾಗಿ ಕೂರಿಸಿರುತ್ತಾರೆ. ಕೋರಿನ ಸಾಂದ್ರತೆ, ಕಾಂತಗುಣಗಳ ಏರಿಳಿತ ಅವರ ಪರದೆಯ ಮೇಲೆ ಮೂಡುತ್ತಿರುತ್ತದೆ. ಒಂದು ಬಾವಿಯ ಗೆರೆಯನ್ನು ಇನ್ನೊಂದರ ಗೆರೆಗೆ ಹೊಂದಿಸಿ ನೋಡುತ್ತಾ, ಮುಂದಿನ ಕೋರನ್ನು ಇಷ್ಟು ಮೀಟರ್ ಸರಿಸಿ ಎಂದು ಅವರು ಕೊರೆಯುವವರಿಗೆ ಹೇಳುತ್ತಾರೆ. ಅವರು ಹೊಲಿದು ಕೊಡುವ ಅಖಂಡ ಪಟ್ಟಿಯ ಮೇಲೆ ಮಿಕ್ಕವರೆಲ್ಲರ ಸಂಶೋಧನೆ ನಿಲ್ಲುತ್ತದೆ.

ಆಮೇಲೆ ಕೋರನ್ನು ಒಂದೂವರೆ ಮೀಟರ್ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಉದ್ದಕ್ಕೆ ಎರಡಾಗಿ ಸೀಳುತ್ತಾರೆ. ಒಂದು ಅರ್ಧ ಕೆಲಸಕ್ಕೆ, ಇನ್ನೊಂದು ಅರ್ಧ ಕಾಪಿಡಲಿಕ್ಕೆ. ಕಾಪಿಡುವ ಅರ್ಧದ ಫೋಟೊ ತೆಗೆಯಬಹುದು, ಬಣ್ಣ ಬರೆದಿಡಬಹುದು, ಕಾಂತಮಾಪಕದೊಳಗೆ ತೂರಿಸಬಹುದು, ಚೂರು ಕೀಳುವಂತಿಲ್ಲ. ಕೆಲಸದ ಅರ್ಧವನ್ನು ಮೇಜಿನ ಮೇಲೆ ಸಾಲಾಗಿ ಹರಡಿದಾಗ ಒಬ್ಬೊಬ್ಬರೂ ತಮಗೆ ಬೇಕಾದ ಜಾಗದಲ್ಲಿ ಬಣ್ಣದ ಸಣ್ಣ ಬಾವುಟ ನೆಡುತ್ತಾರೆ. ಎರಡು ಬಾವುಟ ಒಂದೇ ಜಾಗದಲ್ಲಿ ನಿಂತರೆ ಮಾತಾಡಿಕೊಳ್ಳಬೇಕು. ಊರಿನ ಪ್ರಯೋಗಾಲಯದಲ್ಲಾದರೆ ಆ ಮಾತು ಪತ್ರಗಳಲ್ಲಿ ತಿಂಗಳುಗಟ್ಟಲೆ ಎಳೆಯಬಹುದಿತ್ತು. ಇಲ್ಲಿ ಎದುರು ನಿಂತವರ ಜೊತೆಗೇ ಇನ್ನರ್ಧ ಗಂಟೆಯಲ್ಲಿ ಊಟಕ್ಕೆ ಕೂರಬೇಕು, ಇನ್ನೂ ಐದು ವಾರ ಒಂದೇ ಮೊಗಸಾಲೆಯಲ್ಲಿ ಓಡಾಡಬೇಕು.

ಬೇರೆ ಬೇರೆ ಶಾಸ್ತ್ರಗಳವರು ಒಟ್ಟಿಗೆ ಕೆಲಸ ಮಾಡುವುದನ್ನು ನಾವು ಸಾಮಾನ್ಯವಾಗಿ ಒಳ್ಳೆಯ ಮನಸ್ಸಿನ ಫಲ ಎಂದುಕೊಳ್ಳುತ್ತೇವೆ. ಹಡಗಿನ ಕತೆಗಳನ್ನು ಓದಿದಷ್ಟೂ ನನಗೆ ಬೇರೆಯೇ ಅನ್ನಿಸುತ್ತದೆ. ಅಲ್ಲಿ ಮೊದಲು ಬರುವುದು ಹಂಚಿಕೆ, ಒಲವು ಹುಟ್ಟುವುದು ಆಮೇಲೆ. ಎಲ್ಲರಿಗೂ ಸೇರಿ ಇರುವುದು ಒಂದೇ ಕೆಸರು, ಒಂದೇ ಬಾಟಲಿ ನೀರು. ಅದನ್ನು ಹಂಚಿಕೊಳ್ಳಲೇಬೇಕಾದಾಗ ‘ನಿಮಗೆ ಇದು ಯಾಕೆ ಬೇಕು’ ಎಂದು ಕೇಳಲೇಬೇಕಾಗುತ್ತದೆ. ಆ ಪ್ರಶ್ನೆಗೆ ಸಿಗುವ ಉತ್ತರ ಕೇಳಿದವರ ಸಂಶೋಧನೆಯನ್ನೇ ತಿದ್ದಿದ ಉದಾಹರಣೆಗಳು ಎಷ್ಟೋ ಇವೆ.

ಅವುಗಳಲ್ಲಿ ಒಂದು 150 ವರ್ಷ ಹಳೆಯದು. 1857ರಲ್ಲಿ ಬ್ರಿಟನ್ನಿನ ಸೈಕ್ಲಾಪ್ಸ್ ಹಡಗು ಅಟ್ಲಾಂಟಿಕ್‌ನಲ್ಲಿ ಟೆಲಿಗ್ರಾಫ್ ತಂತಿ ಹಾಕುವ ದಾರಿಯ ಆಳ ನೋಡುತ್ತಾ ತಳದ ಕೆಸರನ್ನು ಎತ್ತಿ ತಂದಿತ್ತು. ಕೆಡದಿರಲೆಂದು ಅದನ್ನು ಆಲ್ಕೊಹಾಲಿನಲ್ಲಿ ಇಟ್ಟಿದ್ದರು. ಹಲವು ವರ್ಷಗಳ ನಂತರ, 1868ರಲ್ಲಿ, ಹೆಸರಾಂತ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ ಆ ಕೆಸರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಲೋಳೆಯಂಥ ವಸ್ತು ಕಂಡಿತು. ಅದು ಜೀವದ ಆದಿರೂಪವೇ ಇರಬೇಕು, ಕಡಲ ತಳವನ್ನೆಲ್ಲ ಹಾಸಿಕೊಂಡಿರುವ ಜೀವದ್ರವ್ಯವೇ ಇರಬೇಕು ಎಂದು ಅವರಿಗೆ ಅನ್ನಿಸಿತು. ಬ್ಯಾಥಿಬಿಯಸ್ ಎಂದು ಹೆಸರಿಟ್ಟರು. ಡಾರ್ವಿನ್ನರ ಪುಸ್ತಕ ಬಂದು ಹತ್ತು ವರ್ಷವೂ ಆಗಿರಲಿಲ್ಲ. ಜೀವ ಹೇಗೆ ಶುರುವಾಯಿತೆಂಬ ಪ್ರಶ್ನೆಗೆ ಕಣ್ಣೆದುರಿಗೇ ಉತ್ತರ ಸಿಕ್ಕಂತಾಯಿತು.

1872ರ ಡಿಸೆಂಬರಿನಲ್ಲಿ ಚಾಲೆಂಜರ್ ಹಡಗು ಪೋರ್ಟ್ಸ್‌ಮತ್ ಬಂದರಿನಿಂದ ಹೊರಟಿತು. ಮೂರೂವರೆ ವರ್ಷದ ಯಾನ. ವೈವಿಲ್ ಥಾಮ್ಸನ್ ನೇತೃತ್ವದ ಆರು ಜನರ ತಂಡದಲ್ಲಿ ಜೀವಿಗಳನ್ನು ನೋಡುವವರೇ ಹೆಚ್ಚು, ಒಬ್ಬರು ಚಿತ್ರಕಾರರು, ಒಬ್ಬರೇ ಒಬ್ಬರು ರಸಾಯನ ತಜ್ಞರು: ಜಾನ್ ಯಂಗ್ ಬ್ಯುಕ್ಯಾನನ್. ಬ್ಯಾಥಿಬಿಯಸ್‌ಗಾಗಿ ತಾಜಾ ಕೆಸರನ್ನು ಎಷ್ಟು ಜಾಲಾಡಿದರೂ ಅದು ಸಿಗಲಿಲ್ಲ. ಆಲ್ಕೊಹಾಲಿನಲ್ಲಿ ಇಟ್ಟ ಕೆಸರಿನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿತ್ತು. ಬ್ಯುಕ್ಯಾನನ್ ಅದನ್ನು ಪರೀಕ್ಷಿಸಿದರು. ಕಡಲ ನೀರಿಗೆ ಆಲ್ಕೊಹಾಲು ಸೇರಿದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಸಲ್ಫೇಟು, ಎಂದರೆ ಜಿಪ್ಸಂ, ಲೋಳೆಯಂತೆ ಗರಣೆಗಟ್ಟುತ್ತಿತ್ತು. ಜೀವದ ಆದಿರೂಪ ಎನಿಸಿಕೊಂಡಿದ್ದು ಸೀಸೆಯೊಳಗೇ ಹುಟ್ಟಿದ ಉಪ್ಪು. ಥಾಮ್ಸನ್ 1875ರಲ್ಲಿ ಹಕ್ಸ್‌ಲಿಗೆ ಬರೆದು ತಿಳಿಸಿದರು. ಹಕ್ಸ್‌ಲಿ ತಮ್ಮ ತಪ್ಪನ್ನು ಬಹಿರಂಗವಾಗಿಯೇ ಒಪ್ಪಿಕೊಂಡರು.

ಜೀವವಿಜ್ಞಾನಿಗಳೇ ತುಂಬಿದ ಹಡಗಾಗಿದ್ದರೆ ಆ ಲೋಳೆ ಇನ್ನೆಷ್ಟು ವರ್ಷ ಜೀವಂತವಾಗಿರುತ್ತಿತ್ತೋ. ಹಕ್ಸ್‌ಲಿಯಂಥವರ ಕಣ್ಣೂ ತಾವು ಹುಡುಕುತ್ತಿದ್ದುದನ್ನೇ ಕಂಡಿತ್ತು. ಬ್ಯುಕ್ಯಾನನ್ ಅವರಿಗೆ ಹಕ್ಸ್‌ಲಿಗಿಂತ ಜೀವಿಗಳ ಬಗ್ಗೆ ಹೆಚ್ಚು ಗೊತ್ತಿರಲಿಲ್ಲ. ಆಲ್ಕೊಹಾಲು ಉಪ್ಪುನೀರಿಗೆ ಏನು ಮಾಡುತ್ತದೆ ಎಂಬುದು ಗೊತ್ತಿತ್ತು, ಮತ್ತು ಅವರು ಆ ಸೀಸೆಯ ಪಕ್ಕದಲ್ಲೇ ಇದ್ದರು.

ಪಕ್ಕದಲ್ಲಿ ಇರುವುದು ಎಷ್ಟು ದೊಡ್ಡ ಸಂಗತಿ ಎಂಬುದಕ್ಕೆ ಹಡಗು ಹತ್ತಲು ಬಿಡದೆ ಹೋದವರ ಕತೆಯೂ ಸಾಕ್ಷಿ. 1950ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ಬಳಿಯ ಲೆಮಾಂಟ್ ಸಂಸ್ಥೆಯಲ್ಲಿ ಮೇರಿ ಥಾರ್ಪ್ ಅಟ್ಲಾಂಟಿಕ್ ಸಾಗರದ ತಳದ ನಕ್ಷೆ ಬರೆಯುತ್ತಿದ್ದರು. ಹೆಂಗಸೆಂಬ ಕಾರಣಕ್ಕೆ ಸಂಸ್ಥೆಯ ಹಡಗುಗಳಿಗೆ ಅವರಿಗೆ ಪ್ರವೇಶವಿರಲಿಲ್ಲ. ಸಹೋದ್ಯೋಗಿ ಬ್ರೂಸ್ ಹೀಜ಼ನ್ ಹಡಗಿನಿಂದ ತಂದ ಆಳದ ಅಂಕಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಅವರು ಸಾಗರಮಧ್ಯದ ಬೆಟ್ಟಸಾಲಿನ ನೆತ್ತಿಯಲ್ಲಿ ಒಂದು ಉದ್ದನೆಯ ಸೀಳುಕಣಿವೆಯನ್ನು ಗುರುತಿಸಿದರು. ಹೀಜ಼ನ್ ನಂಬಲಿಲ್ಲ. ಅದೇ ಹೊತ್ತಿಗೆ ಅಲ್ಲೇ ಹೋವರ್ಡ್ ಫಾಸ್ಟರ್ ಎಂಬ ಇನ್ನೊಬ್ಬರು ಕಡಲಡಿಯ ತಂತಿಗಳ ಕೆಲಸಕ್ಕಾಗಿ ಸಾಗರದ ಭೂಕಂಪಗಳನ್ನು ನಕ್ಷೆಯ ಮೇಲೆ ಚುಕ್ಕಿಯಿಟ್ಟು ಗುರುತಿಸುತ್ತಿದ್ದರು. ಎರಡೂ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ ಭೂಕಂಪದ ಚುಕ್ಕಿಗಳು ಥಾರ್ಪ್ ಬರೆದ ಕಣಿವೆಯೊಳಗೇ ಸಾಲಾಗಿ ನಿಂತವು. ಖಂಡಗಳು ಸರಿಯುತ್ತವೆ ಎಂಬ ಮಾತಿಗೆ ಬಲ ಬಂದ ಘಳಿಗೆಗಳಲ್ಲಿ ಅದೂ ಒಂದು. ಥಾರ್ಪ್ ಸಂಶೋಧನಾ ಹಡಗು ಹತ್ತಿದ್ದು 1968ರಲ್ಲಿ. ಅಷ್ಟು ವರ್ಷ ಅವರನ್ನು ದಡದಲ್ಲೇ ಕೂರಿಸಿದ್ದು ಅನ್ಯಾಯ. ಹೊಸ ಕಣ್ಣನ್ನು ದೂರವಿಟ್ಟ ಹಡಗಿಗೂ ಅದರಿಂದ ನಷ್ಟವೇ ಆಯಿತು.

ಲಕ್ಷ್ಮೀ ಬೇಸಿನ್ನಿಗೆ ಮರಳೋಣ. ಅಲ್ಲಿನ ಮೊದಲ ತಾಣದ ಹೆಸರು ಯು 1456, ಎರಡನೆಯದು ಯು 1457. ಎರಡೂ ಕಡೆ ತಳದಿಂದ ಕೆಳಕ್ಕೆ 1,100 ಮೀಟರಿಗೂ ಹೆಚ್ಚು ಕೊರೆದರು. ಮೇಲಿನ ನೂರಾರು ಮೀಟರಿನಲ್ಲಿ ನಿರೀಕ್ಷೆಯಂತೆಯೇ ಹೂಳು, ಮರಳು, ಜೇಡಿ. ಕೆಳಗೆ ಹೋದಷ್ಟೂ ಚಿಪ್ಪುಗಳ ವಯಸ್ಸು ಏರುತ್ತಾ ಹೋಯಿತು.

ಈ ಹೂಳು ಎಲ್ಲಿಂದ ಬಂತು ಎಂದು ಹೇಳುವವರು ಜೇಡಿಮಣ್ಣಿನ ಖನಿಜ ನೋಡುವವರು. ಬೇಸಿಗೆಯಲ್ಲಿ ಬಾಯಿಬಿಟ್ಟು, ಮಳೆ ಬಿದ್ದೊಡನೆ ಉಬ್ಬಿ ಮುಚ್ಚಿಕೊಳ್ಳುವ ಎರೆಮಣ್ಣನ್ನು ಉತ್ತರ ಕರ್ನಾಟಕದವರಿಗೆ ಬೇರೆ ಹೇಳಬೇಕಾಗಿಲ್ಲ. ದಖನ್ನಿನ ಕಪ್ಪುಕಲ್ಲು ಕರಗಿ ಹುಟ್ಟಿದ ಆ ಮಣ್ಣಿಗೆ ಉಬ್ಬುವ ಗುಣ ಕೊಡುವುದು ಸ್ಮೆಕ್ಟೈಟ್ ಎಂಬ ಖನಿಜ. ನರ್ಮದೆ, ತಾಪಿ ನದಿಗಳು ಅದನ್ನೇ ಹೊತ್ತು ಅರಬ್ಬೀ ಸಮುದ್ರಕ್ಕೆ ಸುರಿಯುತ್ತವೆ. ಹಿಮಾಲಯದ ಕಡೆಯಿಂದ ಸಿಂಧೂ ತರುವ ಹೂಳಿನಲ್ಲಿ ಇಲ್ಲೈಟ್, ಕ್ಲೋರೈಟ್ ಎಂಬ ಬೇರೆ ಖನಿಜಗಳು, ಹೊಳೆಯುವ ಅಭ್ರಕದ ಚೂರುಗಳು ಹೆಚ್ಚು. ಹೂಳಿನ ಒಂದು ಚಿಟಿಕೆಯಲ್ಲಿ ಯಾವುದರ ಪಾಲು ಹೆಚ್ಚು ಎಂದು ಅಳೆದರೆ ಆ ಕಾಲದಲ್ಲಿ ಯಾವ ನದಿಯ ಕೈ ಮೇಲಾಗಿತ್ತು ಎಂಬುದು ಗೊತ್ತಾಗುತ್ತದೆ. ಆದರೆ ಖನಿಜ ಎಲ್ಲಿಂದ ಬಂತೆಂದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ಅದಕ್ಕೆ ಚಿಪ್ಪು ಬೇಕು. ಚಿಪ್ಪಿನವರ ಉತ್ತರವೂ ಅಂದಾಜಿನದು. ಅದನ್ನು ಮೊನಚು ಮಾಡಲು ಭೂಕಾಂತ ತಜ್ಞರು ಬೇಕು. ಭೂಮಿಯ ಕಾಂತಧ್ರುವಗಳು ಆಗಾಗ ತಿರುಗುಮುರುಗಾಗಿವೆ, ಕೊನೆಯ ಬಾರಿ ತಿರುಗಿದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ಆ ತಿರುವುಗಳು ಕೆಸರಿನ ಕಣಗಳಲ್ಲಿ ಅಚ್ಚಾಗಿವೆ. ತೊಡಕೆಂದರೆ ಒಂದು ತಿರುವು ಇನ್ನೊಂದರಂತೆಯೇ ಕಾಣುತ್ತದೆ. ಇದು ಎಷ್ಟನೆಯ ತಿರುವು ಎಂದು ಕಾಂತದವರು ಚಿಪ್ಪಿನವರನ್ನೇ ಕೇಳಬೇಕು. ಹೀಗೆ ಒಬ್ಬರ ಗಡಿಯಾರಕ್ಕೆ ಇನ್ನೊಬ್ಬರು ಮುಳ್ಳು ಕೂರಿಸುತ್ತಾರೆ.

ಯು 1456ರಲ್ಲಿ 700 ಮೀಟರ್ ದಾಟಿದ ಮೇಲೆ ಗಡಿಯಾರ ಕೆಟ್ಟಿತು.

ಬಂದ ಕೋರುಗಳಲ್ಲಿ ಸುಣ್ಣಕಲ್ಲಿನ ಚೂರುಗಳಿದ್ದವು. ಅವು ಬಿಸಿಲು ಬೀಳುವ ತೆಳು ನೀರಿನಲ್ಲಿ, ದಡದ ಹತ್ತಿರ ಹುಟ್ಟುವ ಬಗೆಯವು. ಮೂರೂವರೆ ಕಿಲೋಮೀಟರ್ ಆಳದ ಕತ್ತಲಲ್ಲಿ ಅವಕ್ಕೆ ಏನು ಕೆಲಸ? ಸೂಕ್ಷ್ಮದರ್ಶಕದಲ್ಲಿ ಇನ್ನೂ ಗೊಂದಲ. ಕೋಟ್ಯಂತರ ವರ್ಷ ಅಂತರದ ಚಿಪ್ಪುಗಳು ಒಂದೇ ಹಿಡಿ ಮಣ್ಣಿನಲ್ಲಿ ಕಲಸಿಹೋಗಿದ್ದವು. ಚಿಪ್ಪಿನವರು ತಮ್ಮ ಕೋಣೆಯಲ್ಲೇ ಕೂತಿದ್ದರೆ ‘ವಯಸ್ಸು ಸಿಗುತ್ತಿಲ್ಲ’ ಎಂದು ಬರೆದು ಸುಮ್ಮನಾಗಬೇಕಿತ್ತು. ಕಲ್ಲು ಮಣ್ಣು ವಿವರಿಸುವವರಾದರೆ ಹಳೆಯ ಹವಳದ ದಿಬ್ಬವೊಂದರ ಕತೆ ಕಟ್ಟಬಹುದಿತ್ತು. ಆದರೆ ಮೂರನೆಯವರು ಇದ್ದರು. ಕೊರೆಯುವುದಕ್ಕೆ ಮುಂಚೆಯೇ ಕಡಲ ತಳಕ್ಕೆ ಧ್ವನಿತರಂಗ ಕಳಿಸಿ, ಪ್ರತಿಧ್ವನಿಯಿಂದ ಪದರಗಳ ಚಿತ್ರ ತೆಗೆದಿರುತ್ತಾರೆ. ಆ ಚಿತ್ರದಲ್ಲಿ ಮೇಲಿನ ಭಾಗ ಒಂದರ ಮೇಲೊಂದು ಒಟ್ಟಿದ ಚಾಪೆಗಳಂತೆ ಗೆರೆಗೆರೆಯಾಗಿತ್ತು. ಈ ಆಳದಲ್ಲಿ ಮಾತ್ರ ಗೆರೆಗಳಿಲ್ಲ, ಎಲ್ಲ ಕದಡಿದಂತಿತ್ತು, ಮತ್ತು ಆ ಕದಡು ನೂರಾರು ಕಿಲೋಮೀಟರ್ ಹರಡಿತ್ತು.

ಮೂರನ್ನೂ ಒಂದೇ ಮೇಜಿಗೆ ತಂದಾಗ ಸಿಕ್ಕಿದ್ದು ಒಂದು ಭೂಕುಸಿತ. ಇಂದಿನ ಸೌರಾಷ್ಟ್ರದ ಮುಂದಿನ ಕಡಲಂಚು ಕುಸಿದು, ದಡದ ಸುಣ್ಣಕಲ್ಲನ್ನೂ ಹಳೆಯ ಹೂಳನ್ನೂ ಬಾಚಿಕೊಂಡು ಆಳಕ್ಕೆ ಜಾರಿಬಂದಿತ್ತು. ತರಂಗಚಿತ್ರ ಓದುವವರು ಅದೇ ವರ್ಷ ಪ್ರಕಟಿಸಿದ ಪ್ರಬಂಧದಲ್ಲಿ ಅದಕ್ಕೆ ನಟರಾಜ ಎಂದು ಹೆಸರಿಟ್ಟರು. ಉದ್ದ 300 ಕಿಲೋಮೀಟರಿಗೂ ಹೆಚ್ಚು, ಗಾತ್ರ ಸುಮಾರು 19,000 ಘನ ಕಿಲೋಮೀಟರ್. ಕೃಷ್ಣರಾಜಸಾಗರ ತುಂಬಿ ನಿಂತಾಗ ಅದರಲ್ಲಿರುವ ನೀರು ಸುಮಾರು 1.4 ಘನ ಕಿಲೋಮೀಟರ್. ಅಂಥ ಹದಿಮೂರೂವರೆ ಸಾವಿರ ಜಲಾಶಯಗಳನ್ನು ಮಣ್ಣು ಕಲ್ಲಿನಿಂದ ತುಂಬಿ ಒಟ್ಟಿಗೆ ಸುರಿದ ಹಾಗೆ. ಇಂಥ ಶಾಂತ ಕಡಲಂಚುಗಳಲ್ಲಿ ಗೊತ್ತಿರುವ ಅತಿ ದೊಡ್ಡ ಕುಸಿತಗಳಲ್ಲಿ ಇದೂ ಒಂದು.

ಅದು ಯಾವಾಗ ಕುಸಿಯಿತು? ಈ ಪ್ರಶ್ನೆಗೆ ಉತ್ತರ ಹುಡುಕಿದ ಬಗೆ ಈ ಅಧ್ಯಾಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಕುಸಿದ ಮಣ್ಣಿನೊಳಗಿನ ಚಿಪ್ಪುಗಳು ತಮ್ಮ ತಮ್ಮ ಹುಟ್ಟಿದ ಕಾಲ ಹೇಳುತ್ತವೆ, ಕುಸಿದ ಕಾಲವನ್ನಲ್ಲ. ಮಲೆನಾಡಿನಲ್ಲಿ ಗುಡ್ಡ ಜರಿದು ಒಂದು ಮನೆ ಮುಚ್ಚಿತು ಎನ್ನಿ. ಬಹಳ ಕಾಲದ ನಂತರ ಅಗೆದಾಗ ಮುತ್ತಜ್ಜಿಯ ಕಾಲದ ಕಂಚಿನ ಚೆಂಬೂ ಸಿಗುತ್ತದೆ, ಗೋಡೆಗೆ ತೂಗಿದ್ದ ಪಂಚಾಂಗವೂ ಸಿಗುತ್ತದೆ. ಲೆಕ್ಕಕ್ಕೆ ಬರುವುದು ಪಂಚಾಂಗ. ಅದರಲ್ಲಿನ ವರ್ಷಕ್ಕಿಂತ ಮುಂಚೆ ಗುಡ್ಡ ಜರಿದಿರಲು ಸಾಧ್ಯವಿಲ್ಲ. ಜರಿದ ಮಣ್ಣಿನ ಮೇಲೆ ಬೆಳೆದ ಮರದ ವಯಸ್ಸು ಎಣಿಸಿದರೆ ಅದಕ್ಕಿಂತ ಈಚೆಗೂ ಅಲ್ಲ ಎಂದು ತಿಳಿಯುತ್ತದೆ. ಹಾಗೆಯೇ ಕದಡಿದ ಮಣ್ಣಿನೊಳಗಿನ ಅತಿ ಕಿರಿಯ ಚಿಪ್ಪು ಒಂದು ಗಡಿ, ಅದರ ಮೇಲೆ ಶಾಂತವಾಗಿ ಕೂತ ಮೊದಲ ಪದರದ ವಯಸ್ಸು ಇನ್ನೊಂದು ಗಡಿ. ಕದಡು ಎಲ್ಲಿ ಮುಗಿದು ಶಾಂತ ಪದರ ಎಲ್ಲಿ ಶುರುವಾಯಿತು ಎಂದು ತೋರಿಸಬೇಕಾದವರು ಕಲ್ಲು ಮಣ್ಣಿನವರು, ಅಲ್ಲಿನ ವಯಸ್ಸು ಹೇಳಬೇಕಾದವರು ಚಿಪ್ಪಿನವರು. ಇಬ್ಬರ ಬೆರಳೂ ಒಂದೇ ಜಾಗಕ್ಕೆ ಬಂದಾಗ ಸಿಕ್ಕ ಉತ್ತರ ಸುಮಾರು 1.08 ಕೋಟಿ ವರ್ಷ.

ಯಾನ ಹೊರಟಾಗ ಈ ಕುಸಿತ ಅದರ ಮುಖ್ಯ ಗುರಿಯೇ ಆಗಿರಲಿಲ್ಲ. ಹಿಮಾಲಯದ ಹಳೆಯ ಹೂಳು ಹುಡುಕಿ ಹೋದವರ ದಾರಿಗೆ ಅದು ಅಡ್ಡ ಮಲಗಿತ್ತು. ಯು 1457ರಲ್ಲಿ ಅದರ ಕೆಳಗೆ ಸಿಕ್ಕಿದ್ದು ಆರು ಕೋಟಿ ವರ್ಷಕ್ಕೂ ಹಳೆಯ ಜೇಡಿ, ಅದರ ಕೆಳಗೆ ಬಸಾಲ್ಟ್ ಬಂಡೆ. ನಡುವಿನ ಸುಮಾರು ಐದು ಕೋಟಿ ವರ್ಷಗಳ ದಾಖಲೆಯೇ ಅಲ್ಲಿಲ್ಲ. ಮುಂಗಾರಿನವರಿಗೆ ಇದು ನಿಜವಾದ ನಷ್ಟ. ಆದರೆ ಬಸಾಲ್ಟ್ ಸಿಕ್ಕಿದ್ದು ಭಾರತದ ಪಶ್ಚಿಮ ಅಂಚು ಹೇಗೆ ಸೀಳಿತು ಎಂದು ಯೋಚಿಸುವವರಿಗೆ ಹಬ್ಬ. ಒಂದೇ ಬಾವಿ ಒಬ್ಬರಿಗೆ ಬರಿದಾಯಿತು, ಇನ್ನೊಬ್ಬರಿಗೆ ತುಂಬಿತು. ಅದನ್ನು ಇಬ್ಬರೂ ಒಂದೇ ವರದಿಯಲ್ಲಿ ಬರೆದರು.

ಆ ವರದಿಯ ವಿಷಯ ಬಂತಾದ್ದರಿಂದ ಒಂದು ಮಾತು. ಇಂಥ ಹಡಗುಗಳಲ್ಲಿ ಮೊದಲ ಕೋರ್ ಬರುವುದಕ್ಕೆ ಮುಂಚೆ, ತಾಣದ ಕಡೆ ಸಾಗುವ ದಿನಗಳಲ್ಲೇ, ‘ವಿಧಾನಗಳು’ ಎಂಬ ಅಧ್ಯಾಯವನ್ನು ಎಲ್ಲರೂ ಕೂತು ಬರೆಯುತ್ತಾರೆ. ಯಾವುದನ್ನು ಜೇಡಿ ಎನ್ನಬೇಕು, ಎಷ್ಟು ನುಣುಪಿದ್ದರೆ ಹೂಳು, ಯಾವ ಬಣ್ಣಕ್ಕೆ ಯಾವ ಹೆಸರು. ಹೊರಗಿನಿಂದ ನೋಡಿದರೆ ಗುಮಾಸ್ತಿಕೆ ಅನ್ನಿಸುತ್ತದೆ. ಆದರೆ ಹಗಲು ಪಾಳಿಯವರು ಜೇಡಿ ಎಂದದ್ದನ್ನು ರಾತ್ರಿ ಪಾಳಿಯವರು ಹೂಳು ಎಂದು ಬರೆದರೆ, ಕಡಲ ತಳದಲ್ಲಿ ಹನ್ನೆರಡು ಗಂಟೆಗೊಮ್ಮೆ ಒಂದು ಹೊಸ ಪದರ ಹುಟ್ಟಿಬಿಡುತ್ತದೆ! ಅಲ್ಲಿ ಇಲ್ಲದ ಮಳೆಗಾಲ, ಇಲ್ಲದ ಬರಗಾಲ ಮುಂದಿನ ಪ್ರಬಂಧಗಳಲ್ಲಿ ಕಾಣಿಸಿಕೊಳ್ಳುತ್ತವೆ. ಅದಕ್ಕೇ ಪಾಳಿ ಬದಲಾಗುವಾಗ ಇಬ್ಬರೂ ಒಂದೇ ಕೋರಿನ ಮುಂದೆ ನಿಂತು ಮಾತಾಡಿ ಹೋಗುತ್ತಾರೆ. ಜಗತ್ತಿನ ಬೇರೆ ಬೇರೆ ಮೂಲೆಯ ವಿಶ್ವವಿದ್ಯಾಲಯಗಳಿಂದ ಬಂದವರು ಕೆಸರಿಗೆ ಒಂದೇ ಹೆಸರು ಹಿಡಿದು ಕರೆಯಲು ಕಲಿಯುವುದು ಅಲ್ಲಿ ನಿಂತಾಗ.

ಕೆಸರಿನ ಬದಲು ನೀರೇ ವಸ್ತುವಾದ ಯಾನಗಳಲ್ಲಿ ಹಂಚಿಕೆಗೆ ಇನ್ನೂ ಅವಸರ. ಲೋಹದ ಚೌಕಟ್ಟಿನ ಸುತ್ತ ಜೋಡಿಸಿದ ಇಪ್ಪತ್ನಾಲ್ಕು ಬಾಟಲಿಗಳನ್ನು ತಂತಿಗೆ ಕಟ್ಟಿ ಇಳಿಸುತ್ತಾರೆ. ಒಂದೊಂದು ಬಾಟಲಿಯೂ ಒಂದೊಂದು ಆಳದಲ್ಲಿ ಬಾಯಿ ಮುಚ್ಚಿಕೊಂಡು ಮೇಲೆ ಬರುತ್ತದೆ. ಮೇಲೆ ಬಂದ ಮೇಲೆ ನಲ್ಲಿಯ ಮುಂದೆ ಸಾಲು. ಮೊದಲ ಸರದಿ ಅನಿಲ ಅಳೆಯುವವರದು, ಆಮ್ಲಜನಕದವರೂ ಅದರಲ್ಲೇ ಬಂದರು, ಯಾಕೆಂದರೆ ಬಾಟಲಿ ಖಾಲಿಯಾದಂತೆ ಒಳಗೆ ಗಾಳಿ ನುಗ್ಗಿ ಅಳತೆ ಕೆಡುತ್ತದೆ. ಆಮೇಲೆ ಇಂಗಾಲದವರು, ಪೋಷಕಾಂಶದವರು, ಬಹುಮಟ್ಟಿಗೆ ಕೊನೆಯಲ್ಲಿ ಉಪ್ಪಿನವರು. ಉಪ್ಪು ಎಲ್ಲಿಗೂ ಓಡಿಹೋಗುವುದಿಲ್ಲ. ಕೆಲವು ಹಡಗುಗಳಲ್ಲಿ ಈ ಸರದಿ ಕಾಯಲೆಂದೇ ಒಬ್ಬರು ಕೈಯಲ್ಲಿ ಹಾಳೆ ಹಿಡಿದು ನಿಂತಿರುತ್ತಾರೆ. ಅವರು ಎಷ್ಟೇ ಕಿರಿಯರಿರಲಿ, ಪ್ರಾಧ್ಯಾಪಕರೂ ಅವರ ಮಾತು ಕೇಳಬೇಕು.

2016ರ ಜೂನ್‌–ಜುಲೈನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಎನ್. ವಿನಯಚಂದ್ರನ್ ನೇತೃತ್ವದಲ್ಲಿ ಸಿಂಧು ಸಾಧನಾ ಹಡಗು ಬಂಗಾಳ ಕೊಲ್ಲಿಯ ದಕ್ಷಿಣ ಭಾಗಕ್ಕೆ ಹೋಗಿತ್ತು, ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದವರು ಜೊತೆಗಿದ್ದರು. ಕೊಲ್ಲಿಗೆ ಗಂಗಾ, ಬ್ರಹ್ಮಪುತ್ರಾ ಸುರಿಯುವ ಸಿಹಿನೀರು ಅಪಾರ. ಆದರೂ ಅದು ಸಪ್ಪೆಯಾಗಿ ಹೋಗಿಲ್ಲ. ಮುಂಗಾರಿನ ಹೊತ್ತಿನಲ್ಲಿ ಅರಬ್ಬೀ ಸಮುದ್ರದ ಉಪ್ಪುನೀರು ಶ್ರೀಲಂಕಾವನ್ನು ಬಳಸಿ ಬಂದು ಮೇಲಿನ ಹಗುರ ನೀರಿನ ಅಡಿಗೆ ನುಸುಳುತ್ತದೆ. ಅದು ಹೇಗೆ ಮೇಲಿನ ನೀರಿಗೆ ಬೆರೆಯುತ್ತದೆ, ಮೇಲ್ಪದರ ಎಷ್ಟು ಕಾಯುತ್ತದೆ, ಆ ಕಾವು ಮಳೆಯ ಬಿಡುವಿಗೂ ಆರ್ಭಟಕ್ಕೂ ಹೇಗೆ ತಳಕು ಹಾಕಿಕೊಂಡಿದೆ ಎಂಬುದು ಪ್ರಶ್ನೆ. ಇದಕ್ಕೆ ನೀರಿನವರೂ ಬೇಕು, ಗಾಳಿಯವರೂ ಬೇಕು, ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೆಂದು ನೋಡಲು ಹಸಿರು ಸೂಕ್ಷ್ಮಸಸ್ಯಗಳನ್ನು ಅಳೆಯುವವರೂ ಬೇಕು. ಸಾವಿರಾರು ಟನ್ನಿನ ಕಬ್ಬಿಣದ ಹಡಗು ನಿಂತಲ್ಲೇ ನೀರಿನ ಮೇಲ್ಪದರವನ್ನು ಕದಡುತ್ತದೆ, ಅದರ ಒಡಲಿನ ಬಿಸಿ ಅಳತೆಗೆ ತಾಗುತ್ತದೆ. ಇಂಥ ಕಡೆ ಹಡಗಿನಿಂದ ದೂರ ಬಿಟ್ಟ, ತಾವೇ ಮುಳುಗಿ ಏಳುವ ಗ್ಲೈಡರ್‌ಗಳು ನೆರವಿಗೆ ಬರುತ್ತವೆ. ಆ ಯಾನದಲ್ಲೂ ಅವನ್ನು ಬಿಟ್ಟಿದ್ದರು.

ಇಷ್ಟೆಲ್ಲ ಹೇಳುವಾಗ ವಿಜ್ಞಾನಿಗಳಲ್ಲದವರನ್ನು ಮರೆತರೆ ತಪ್ಪಾಗುತ್ತದೆ. ಜಾಯ್ಡಿಸ್ ರೆಸಲ್ಯೂಷನ್ ಹೊರಟಾಗ ಅದರಲ್ಲಿ ನೂರಕ್ಕೂ ಹೆಚ್ಚು ಜನ ಇರುತ್ತಿದ್ದರು, ವಿಜ್ಞಾನಿಗಳು ಸುಮಾರು ಮೂವತ್ತೇ. ಮಿಕ್ಕವರು ನಾವಿಕರು, ಕೊರೆಯುವವರು, ತಂತ್ರಜ್ಞರು, ಅಡುಗೆಯವರು. ಕೊಳವೆ ಕೆಳಗೆ ಮರಳಿಗೆ ಸಿಕ್ಕಿಕೊಂಡಿತೋ ಬಂಡೆಗೆ ತಾಗಿತೋ ಎಂಬುದು ಯಾವ ಪ್ರಬಂಧ ಬರೆಯುವವರಿಗಿಂತ ಮೊದಲು ಗೊತ್ತಾಗುತ್ತಿದ್ದುದು ಮೇಲೆ ನಿಂತು ಕೊರೆಯುವವರಿಗೆ.

ಆ ಹಡಗು ಈಗ ಕೊರೆಯುತ್ತಿಲ್ಲ. 1978ರಲ್ಲಿ ತೈಲ ಹುಡುಕಲೆಂದು ಕಟ್ಟಿದ, 1985ರಿಂದ ವಿಜ್ಞಾನಕ್ಕೆ ದುಡಿದ ಅದರ ಕೊನೆಯ ಯಾನ 2024ರ ಆಗಸ್ಟಿನಲ್ಲಿ ಮುಗಿಯಿತು. ಖರ್ಚು ಹೆಚ್ಚಾಯಿತೆಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಒಪ್ಪಂದವನ್ನು ಮುಂದುವರಿಸಲಿಲ್ಲ. ಈ ಸುದ್ದಿ ಓದಿದಾಗ ನನಗೆ ಆದ ಬೇಸರ ಇನ್ನೂ ಹೋಗಿಲ್ಲ.

ಅದು ಹಿಂದೂ ಮಹಾಸಾಗರದಿಂದ ಎತ್ತಿದ ಕೋರುಗಳು ಕೋಚಿಯಲ್ಲಿವೆ. ಕೇರಳದ ಕೊಚ್ಚಿಯಲ್ಲ, ಜಪಾನಿನ ಶಿಕೊಕು ದ್ವೀಪದ ಕೋಚಿ. ಅಲ್ಲಿನ ತಣ್ಣನೆಯ ಕೋಣೆಗಳ ಕಪಾಟುಗಳಲ್ಲಿ ಅರಬ್ಬೀ ಸಮುದ್ರದ ಕೆಸರು ತುಂಡುತುಂಡಾಗಿ ಮಲಗಿದೆ. ಯಾನದವರಿಗೆ ಮೀಸಲಾದ ಅವಧಿ ಮುಗಿದ ಮೇಲೆ ಯಾವ ದೇಶದ ಯಾವ ಸಂಶೋಧಕರು ಬೇಕಾದರೂ, ಇಂಥ ತುಂಡಿನ ಇಂಥ ಜಾಗದಿಂದ ಒಂದೆರಡು ಚಮಚ ಬೇಕು, ಇಂಥ ಕಾರಣಕ್ಕೆ ಎಂದು ಬರೆದು ಕೇಳಬಹುದು. ಕೆಲಸದ ಅರ್ಧವನ್ನು ಹೊರತೆಗೆದರೆ ಉದ್ದಕ್ಕೂ ಸಣ್ಣ ಸಣ್ಣ ಗುಳಿಗಳು, ಮಣ್ಣು ಜರಿಯದಿರಲೆಂದು ಗುಳಿಗಳಿಗೆ ತುರುಕಿದ ಬಿಳಿ ಫೋಮಿನ ತುಂಡುಗಳು. ಇದು ಚಿಪ್ಪಿನವರು ತೆಗೆದದ್ದು, ಇದು ಖನಿಜದವರದು, ಇದು ಕಾಂತದವರ ಚೌಕ. ಅದರ ಜೋಡಿ, ಕಾಪಿಟ್ಟ ಅರ್ಧ, ಚೂರೂ ಮುಕ್ಕಾಗದೆ ಕಪಾಟಿನಲ್ಲಿದೆ.